ಸುಮ್ಮನಿರುವದು ಒಪ್ಪಿಗೆಯಾಗುವದೋ?

ಒಬ್ಬನು ಬೇಡವೆನ್ನದೆ ಸುಮ್ಮನಿದ್ದರೆ, ಅವನು ಒಪ್ಪಿದನೆಂದು ಎಣಿಸಿ ಅವನ ಹಣವನ್ನು ತೆಗೆದುಕೊಳ್ಳುವದು ನ್ಯಾಯವೋ? ಇದು ಪಟ್ಟಣದವರ ಪ್ರಶ್ನೆ ಮಾತ್ರವೆಂದು ಯಾರೂ ನೆನಸಬಾರದು. ಎಮ್ಮೆದೊಡ್ಡಿಯ ಮನೆಗಳಲ್ಲಿಯೂ ಮೊಬೈಲು ಇರುವದರಿಂದ ಇದು ನಮ್ಮ ಬಾಗಿಲಿಗೂ ಬಂದಿರುತ್ತದೆ.

ನಮ್ಮ ಸೀಮೆಯಲ್ಲಿ ವರ್ತನೆಯ ಹಾಲು ಹಾಕಿಸಿಕೊಳ್ಳುವ ಪದ್ಧತಿಯುಂಟು. ನಾಳೆಯಿಂದ ಬೇಡವೆಂದು ಒಂದು ಮಾತು ಹೇಳಿದರೆ ಸಾಕು, ಲೆಕ್ಕ ತೀರಿ ಹಾಲು ನಿಲ್ಲುವದು. ಮೊಬೈಲಿನಲ್ಲಿ ಹಾಡು, ಸಿನೆಮಾ, ಮಕ್ಕಳ ಪಾಠ ಇವುಗಳನ್ನು ಚಂದಾಕ್ಕೆ ಕೊಡುವ ಕೆಲವರ ರೀತಿಯಾದರೋ ಬೇರೆ. ಮೊದಲನೆಯ ತಿಂಗಳು ಉಚಿತವೆಂದು ಕರೆದು, ಆಗಲೇ ಬ್ಯಾಂಕಿನ ಖಾತೆಯಿಂದ ಹಣವು ತಾನಾಗಿ ಕಡಿತವಾಗುವಂತೆ ಅನುಮತಿಯನ್ನು ಪಡೆಯುತ್ತಾರೆ. ಸೇರುವದಕ್ಕೆ ಒಂದು ಸಾರಿ ಬೆರಳೊತ್ತಿದರೆ ಸಾಕು. ಬಿಡುವದಕ್ಕೆ ದಾರಿಯೇ ಕಾಣದು. ತಿಂಗಳಿಗೆ 30 ರೂಪಾಯಿ ಹೋದರೆ ವರುಷಕ್ಕೆ 360 ರೂಪಾಯಿ. ಕೂಲಿಯವನಿಗೆ ಇದು ಅಲ್ಪವಲ್ಲ.

ಓದದೆ ಒಪ್ಪಿದ್ದು ಅವನದೇ ತಪ್ಪಲ್ಲವೇ ಎಂದು ಕೆಲವರು ಕೇಳಾರು. ಕೊಟ್ಟ ಮಾತನ್ನು ನಡಿಸಬೇಕೆಂಬದು ನಿಜವೇ. ಸಾಲ ತಂದವನು ಮನಸ್ಸು ಬದಲಾಯಿತೆಂದು ಹೇಳಿ ತಪ್ಪಿಸಿಕೊಳ್ಳಲಾರನು. ಯಾಕಂದರೆ ತಂದ ಹಣವು ಅವನ ಕೈಗೆ ಸೇರಿತು. ಆದರೆ ಮುಂದಣ ತಿಂಗಳ ಹಾಡು ಇನ್ನೂ ಯಾರಿಗೂ ಮುಟ್ಟಲಿಲ್ಲ. ಅದನ್ನು ಬೇಡವೆನ್ನುವವನು ಯಾರಿಗೂ ಮೋಸ ಮಾಡಿದವನಲ್ಲ. ಬಾಗಿಲನ್ನು ಮರೆಮಾಡಿ, ನೀನು ಯಾಕೆ ಹೊರಡಲಿಲ್ಲವೆಂದು ಕೇಳುವವನೇ ಮೋಸಗಾರನು. ಅಂಥವನು ಸರಕಿನಿಂದಲ್ಲ, ಪರರ ಮರವೆಯಿಂದ ಜೀವಿಸುತ್ತಾನೆ.

ನಮ್ಮ ದೇಶದ ಕಾನೂನೂ ಹೀಗೆಯೇ ತೀರ್ಮಾನಿಸಿತು. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಮೇರೆಗೆ ಸ್ಥಾಪಿತವಾದ ಕೇಂದ್ರ ಪ್ರಾಧಿಕಾರವು 2023ನೆಯ ನವೆಂಬರ್ 30ರಂದು 13 ಬಗೆಯ ಕಪಟ ರೀತಿಗಳನ್ನು ನಿಷೇಧಿಸಿತು. ಚಂದಾ ಬಲೆಯು ಅವುಗಳಲ್ಲೊಂದು. ರದ್ದು ಮಾಡುವ ದಾರಿಯನ್ನು ಬಚ್ಚಿಡುವದು, ಅದನ್ನು ಉದ್ದವಾಗಿಯೂ ತೊಡಕಾಗಿಯೂ ಮಾಡುವದು, ಉಚಿತವಾದದ್ದಕ್ಕೂ ಹಣ ಕಡಿತದ ಅನುಮತಿಯನ್ನು ಬಲವಂತವಾಗಿ ಕೇಳುವದು, ಇವೆಲ್ಲಾ ಆ ಬಲೆಯ ಎಳೆಗಳು. ಇದಲ್ಲದೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, 2021ನೆಯ ಅಕ್ಟೋಬರ್ 1ರಿಂದ, ಇಂಥಾ ಕಡಿತಕ್ಕೆ ಕಡಿಮೆಯೆಂದರೆ 24 ತಾಸು ಮುಂಚೆ ಗ್ರಾಹಕನಿಗೆ ತಿಳಿಸಬೇಕು. ಅನುಮತಿಯನ್ನು ಹಿಂತೆಗೆಯುವದಕ್ಕೂ ಅನುಕೂಲ ಕೊಡಬೇಕು.

ಆದಕಾರಣ ಪ್ರಿಯ ಓದುಗರೇ, ಬ್ಯಾಂಕಿನಿಂದ ಬರುವ ಸಂದೇಶವನ್ನು ಓದದೆ ಅಳಿಸಬೇಡಿರಿ. ಓದುಬರಹ ಬಲ್ಲ ಯುವಕರು ಹಿರಿಯರ ಮೊಬೈಲಿನಲ್ಲಿ ಆಟೋಪೇ ಎಂಬ ಪಟ್ಟಿಯನ್ನು ತೆರೆದು, ಅವರಿಗೆ ಬೇಡವಾದದ್ದನ್ನು ಅವರ ಎದುರಿನಲ್ಲಿಯೇ ರದ್ದು ಮಾಡಿಕೊಡಲಿ. ಅನ್ಯಾಯವಾದರೆ 1915 ಎಂಬ ಸಂಖ್ಯೆಗೆ ಕರೆದು ಕನ್ನಡದಲ್ಲಿಯೇ ದೂರು ಹೇಳಬಹುದು. ಅದರಿಂದ ತೀರದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗವುಂಟು. ಮಾರಿದವನು ಎಲ್ಲಿದ್ದರೂ ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿ ದೂರು ಕೊಡಬಹುದು, ಮತ್ತು ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ.

ಆದರೂ ಒಂದು ಮಾತು ಉಳಿಯಿತು. ಅಂಗಡಿಯವನು ನಮ್ಮ ಕಡದ ಲೆಕ್ಕದಲ್ಲಿ ಒಂದು ಸೇರು ಬೇಳೆಯನ್ನು ಬರೆಯಲು ಮರೆತರೆ ನಾವು ಸುಮ್ಮನಿರುತ್ತೇವೋ? ಪರರು ನಮ್ಮ ಮರವೆಯನ್ನು ಲಾಭಮಾಡಿಕೊಳ್ಳಬಾರದೆಂದು ಬಯಸುವ ನಾವು ಅವರ ಮರವೆಯನ್ನೂ ಲಾಭಮಾಡಿಕೊಳ್ಳದೆ ಇರೋಣ.