ಪ್ರಯೋಗಶಾಲೆಗೆ ಸಲ್ಲಿಸಿದ ಕಾಣಿಕೆ

ದೇವರ ಹೆಸರಿನಲ್ಲಿ ಕೂಡಿಸಿದ ಹಣದಿಂದ ದೇವಾಲಯವನ್ನು ಕಟ್ಟಿದರೆ ಯಾರೂ ಪ್ರಶ್ನಿಸರು. ಛತ್ರವನ್ನೋ ಆಸ್ಪತ್ರೆಯನ್ನೋ ಕಟ್ಟಿದರೆ ಎಲ್ಲರೂ ಮೆಚ್ಚುವರು. ಆದರೆ ಅದೇ ಹಣದಿಂದ, ದೇವರ ಹೆಸರನ್ನೇ ಎತ್ತದೆ ಪ್ರಕೃತಿಯನ್ನು ಪರೀಕ್ಷಿಸುವ ಪ್ರಯೋಗಶಾಲೆಯೊಂದನ್ನು ಕಟ್ಟಹೊರಟಾಗ, ಇದು ಧರ್ಮಕಾರ್ಯವೆ, ಬರಿಯ ಲೋಕವ್ಯವಹಾರವೆ ಎಂಬ ಸಂದೇಹ ಶ್ರದ್ಧಾವಂತನ ಮನಸ್ಸಿನಲ್ಲಿ ಮೂಡುವುದು ಸಹಜ. ನಮ್ಮ ಕರಾವಳಿಯಲ್ಲಿ ಇದು ಕೇವಲ ಊಹೆಯ ಪ್ರಶ್ನೆಯಲ್ಲ. 1880ರಲ್ಲಿ ಜೆಸ್ವಿತ್ ಪಾದ್ರಿಗಳು ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಇಟಲಿಯ ಮೊಸ್ಕೇನಿ ಚಿತ್ರಿಸಿದ ಪ್ರಾರ್ಥನಾಮಂದಿರಕ್ಕೂ ವಿಜ್ಞಾನದ ತರಗತಿಗಳಿಗೂ ಅಲ್ಲಿ ಒಂದೇ ಗುಡ್ಡ ಆಶ್ರಯ. ಇಂಥ ಸಂಸ್ಥೆಗಳು ಹೊಸ ವಿಜ್ಞಾನ ಕಟ್ಟಡಕ್ಕೆಂದು ರಸೀದಿ ಪುಸ್ತಕ ಹಿಡಿದು ಹೊರಟರೆ, ಮಣಿಪಾಲದ ಮಗ್ಗುಲಿನ ನಮ್ಮ ಅಲೆವೂರಿನಂಥ ಊರಿನಲ್ಲಿ ಕೊಡುವವರು ಕ್ರೈಸ್ತರು ಮಾತ್ರವೇ ಆಗಿರುವುದಿಲ್ಲ. ಮಗಳಿಗೆ ಪಾದ್ರಿಗಳ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿಸಿದ ಬಂಟರೂ ಬಿಲ್ಲವರೂ ಬ್ಯಾರಿಗಳೂ ಯಥಾಶಕ್ತಿ ಕೊಡುತ್ತಾರೆ.

ಹಣ ಕೂಡಿಸುವ ಕಲೆ ಈ ಸೀಮೆಗೆ ಹೊಸತೇನಲ್ಲ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಶನ್ನಿನವರನ್ನು ಪೋಷಿಸಿದ್ದು ಧನಿಕರ ಔದಾರ್ಯವೊಂದೇ ಅಲ್ಲ; ಹತ್ತೊಂಬತ್ತನೆಯ ಶತಮಾನದ ನಡುವೆ ಬಾಸೆಲ್ ನಗರದ ಕಾರ್ಲ್ ಸರಾಸಿನ್ ಎಂಬ ರೇಷ್ಮೆಪಟ್ಟಿಯ ಉದ್ಯಮಿ ಆರಂಭಿಸಿದ ಅರ್ಧ ಬಾಟ್ಸೆನ್ ವಂತಿಗೆಯ ಪ್ರಕಾರ ಸಾಮಾನ್ಯ ಸಂಸಾರಿಗರು ವಾರಕ್ಕೊಂದು ಸಣ್ಣ ನಾಣ್ಯದಂತೆ ಕೊಟ್ಟ ಹಣವೂ ಅದರಲ್ಲಿ ಸೇರಿತ್ತು. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈಗಳು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಬಾಗಿಲಿಗೇ ಒಯ್ದಾಗ, ಬಹುಶಃ ಆ ಸ್ವಿಸ್ ವಂತಿಗೆಯ ನೆನಪು ಯಾರಿಗೂ ಇದ್ದಿರಲಾರದು. ಆದರೂ ಬಡವನ ಚಿಲ್ಲರೆಯಲ್ಲಿ ಎಷ್ಟು ಬಲವಿದೆಯೆಂಬುದನ್ನು ಎರಡೂ ಕಡೆಯವರು ಸಮಾನವಾಗಿ ಅರಿತಿದ್ದರು. ಒಂದು ಭೇದವನ್ನು ಮಾತ್ರ ಮರೆಯಲಾಗದು: ಪಿಗ್ಮಿಯ ಹಣ ಬಡ್ಡಿಸಮೇತ ಮರಳುವುದು, ವಂತಿಗೆಯ ನಾಣ್ಯ ಮರಳದು.

ಮರಳದ ಹಣವನ್ನು ಜನ ಎಷ್ಟು ಸಂತೋಷದಿಂದ ಕೊಡಬಲ್ಲರೆಂಬುದನ್ನು ಬೆಳೆಹಬ್ಬದ ದಿನ ಇಗರ್ಜಿಯ ಅಂಗಳದಲ್ಲಿ ನಡೆಯುವ ಏಲಂನಲ್ಲಿ ನೋಡಬೇಕು. ಯಾರದೋ ಹಿತ್ತಿಲಿನ ಒಂದು ಚೀನಿಕಾಯಿ ಮೇಜಿನ ಮೇಲೆ ಬರುತ್ತದೆ. ಪೇಟೆಯಲ್ಲಿ ಅದಕ್ಕಿರುವ ಬೆಲೆಯನ್ನು ಮೊದಲನೆಯ ಕೂಗೇ ದಾಟುತ್ತದೆ. ಗೆದ್ದವನು ಹಣ ತೆತ್ತು, ಕಾಯನ್ನು ಮನೆಗೆ ಒಯ್ಯದೆ, ಮತ್ತೆ ಏಲಂಗೇ ಇಡುತ್ತಾನೆ. ಹೀಗೆ ಕೈಯಿಂದ ಕೈಗೆ ಹೋದ ಕಾಯಿ ಕೊನೆಗೆ ಯಾರ ಸಾರಿಗೆ ಬಿತ್ತೆಂಬುದು ಯಾರ ಲಕ್ಷ್ಯದಲ್ಲಿಯೂ ಉಳಿಯುವುದಿಲ್ಲ. ಅರ್ಥಶಾಸ್ತ್ರಜ್ಞನಿಗೆ ಇದು ಅವಿವೇಕವೆಂದು ತೋರಬಹುದು. ಕೂಗಿದವನಿಗೆ ಮಾತ್ರ ಅದು ಆ ವರ್ಷದ ಅತ್ಯಂತ ಸಂತುಷ್ಟ ಖರ್ಚು.

ಕಟ್ಟಡದ ನಿಧಿಗೆ ಕೊಡುವವನ ಸ್ಥಿತಿ ಇಷ್ಟು ನಿರ್ಮಲವಲ್ಲ. ಅವನ ಎದುರಿಗೆ ಮೂರು ಆಮಿಷಗಳುಂಟು. ಕೊಟ್ಟದ್ದಕ್ಕೆ ಪ್ರತಿಯಾಗಿ ಮಗನಿಗೆ ಸೀಟು ಕೇಳುವುದು ಮೊದಲನೆಯದು. ಅದು ದಾನವೇ ಅಲ್ಲ, ಕ್ರಯ. 1984ರ ಕರ್ನಾಟಕದ ಕಾಯಿದೆಯೂ 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೂ ಅದನ್ನು ಸಾಕಷ್ಟು ವಿಚಾರಿಸಿವೆ. ಎರಡನೆಯದು, ಅಮೃತಶಿಲೆಯ ಮೇಲೆ ಹೆಸರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸು ಬೋಧಿಸಿದುದೂ, ಪ್ರತ್ಯುಪಕಾರವನ್ನು ಬಯಸಿ ಕೊಟ್ಟ ದಾನವನ್ನು ಗೀತೆ ರಾಜಸವೆಂದು ಕರೆದುದೂ ಎಲ್ಲರಿಗೂ ತಿಳಿದದ್ದೇ. ಆದರೂ ಗೋಡೆಯ ಮೇಲೆ ತಂದೆತಾಯಿಗಳ ಹೆಸರನ್ನು ಕಾಣುವ ಆಸೆಯನ್ನು ನಾನು ಅಷ್ಟು ಕಠಿನವಾಗಿ ನಿಂದಿಸಲಾರೆ. ಹತ್ತು ಮಳೆಗಾಲ ಕಳೆಯುವಷ್ಟರಲ್ಲಿ ಆ ಅಕ್ಷರಗಳನ್ನು ಓದುವವರೇ ಇರುವುದಿಲ್ಲ.

ಮೂರನೆಯ ಆಮಿಷವೇ ಸೂಕ್ಷ್ಮವಾದುದು, ಅದರಲ್ಲಿಯೂ ಭಕ್ತನಿಗೆ. ನಾನು ಕೊಟ್ಟ ಹಣದಿಂದ ಎದ್ದ ಮನೆಯಲ್ಲಿ ನನ್ನ ನಂಬಿಕೆಗೆ ಒಪ್ಪುವ ಉತ್ತರವೇ ಹುಟ್ಟಲಿ ಎಂಬ ಬಯಕೆ ಅದು. ಹೆಸರನ್ನು ಬಿಟ್ಟುಕೊಟ್ಟವನೂ ಇದನ್ನು ಸುಲಭವಾಗಿ ಬಿಡಲಾರ; ಏಕೆಂದರೆ ಇದು ಸ್ವಾರ್ಥದಂತೆ ಕಾಣದೆ ದೇವರ ಪಕ್ಷ ವಹಿಸಿದಂತೆ ಕಾಣುತ್ತದೆ. ಬೆಲ್ಜಿಯಂ ದೇಶದ ಲೂವೆನ್ನಿನ ಕೆಥೋಲಿಕ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಲಮೇತ್ರ್ ಎಂಬ ಪಾದ್ರಿ, ವಿಶ್ವವು ಹಿಗ್ಗುತ್ತಿದೆಯೆಂಬ ಸಿದ್ಧಾಂತವನ್ನು 1927ರಲ್ಲಿ ಮಂಡಿಸಿ, ಅದಕ್ಕೊಂದು ಆದಿಯುಂಟೆಂದು ಕೆಲವೇ ವರ್ಷಗಳಲ್ಲಿ ಸೂಚಿಸಿದನು. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು, ಈ ಹೊಸ ಶಾಸ್ತ್ರವು ಸೃಷ್ಟಿಯ ತತ್ತ್ವಕ್ಕೆ ಸಾಕ್ಷಿ ನುಡಿಯುತ್ತಿದೆಯೆಂಬಂತೆ ಮಾತನಾಡಿದಾಗ, ಹರ್ಷಿಸಬೇಕಾಗಿದ್ದ ಆ ಪಾದ್ರಿಯೇ ಕಳವಳಗೊಂಡನು; ಸಿದ್ಧಾಂತವನ್ನು ಧರ್ಮದ ಸಾಕ್ಷಿಕಟ್ಟೆಗೆ ಎಳೆಯಬಾರದೆಂಬುದೇ ಅವನ ನಿಲುವಾಗಿತ್ತು. ಇಂದು ಸಾಕ್ಷಿಯಾದ ಶಾಸ್ತ್ರವು ನಾಳೆ ತಿದ್ದುಪಡಿಯಾದರೆ, ಅದರೊಡನೆ ದೇವರನ್ನೂ ತಿದ್ದಬೇಕಾಗುವುದಲ್ಲವೆ? ಅವನ ಆ ಸಂಯಮಕ್ಕೆ ಅಶ್ರದ್ಧೆ ಕಾರಣವಲ್ಲ, ಶ್ರದ್ಧೆಯೇ ಕಾರಣವೆಂದು ನಾನು ತಿಳಿಯುತ್ತೇನೆ.

ನಿದರ್ಶನಕ್ಕಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜನ್ನು 1960ರಲ್ಲಿ ಸ್ಥಾಪಿಸಿದವರು ಅದಮಾರು ಮಠದ ಶ್ರೀ ವಿಬುಧೇಶತೀರ್ಥರು. ಕಾವಿ ಉಟ್ಟ ಯತಿಗಳು ಊರೂರು ತಿರುಗಿ ಹಣ ಕೂಡಿಸಿ ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಮನೆ ಮಾಡಿಕೊಟ್ಟರು. ಇಂದು ಗ್ರಹಣ ಬಂತೆಂದರೆ, ರಥಬೀದಿಯ ಕಡೆ ಮಧ್ವಸರೋವರದಲ್ಲಿ ಸ್ನಾನಜಪಗಳು ನಡೆಯುತ್ತಿರುವಾಗಲೇ, ಆ ಕಾಲೇಜಿನ ಖಗೋಳ ಸಂಘದವರು ದೂರದರ್ಶಕ ನೆಟ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಾರೆ. ಮಠವು ಕಾಲೇಜಿಗೆ ಪಂಚಾಂಗದ ವಿಧಿಯನ್ನು ಹೇರಲಿಲ್ಲ, ಕಾಲೇಜು ಸರೋವರಕ್ಕೆ ಬಂದು ವಾದ ಹೂಡಲಿಲ್ಲ. ಎರಡು ಕಡೆಗೂ ಹೋಗಿಬರುವವರೂ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಹಾಗಾದರೆ ಧರ್ಮಸಂಸ್ಥೆಗೆ ಈ ಗೊಡವೆಯೇಕೆ, ಸರಕಾರ ಕಟ್ಟಲಿ ಎನ್ನುವವರಿಗೆ ನನ್ನ ಉತ್ತರವಿಷ್ಟು: ಜಗತ್ತು ದೇವರ ಕೃತಿಯೆಂದು ಮನಸಾರೆ ನಂಬಿದವನಿಗೆ ಅದನ್ನು ಯಾರು ಎಷ್ಟು ಕೆದಕಿ ನೋಡಿದರೂ ಭಯವಿರಬಾರದು. ಭಯವಿದ್ದರೆ ಅದು ನಂಬಿಕೆಯ ಕೊರತೆಯಿಂದ ಹುಟ್ಟಿದ್ದು, ವಿಜ್ಞಾನದಿಂದಲ್ಲ. ಆದುದರಿಂದ ಕಟ್ಟಡನಿಧಿಯ ಮನವಿಪತ್ರವನ್ನು ಬರೆಯುವ ಪಾದ್ರಿಗಳು, ಇಷ್ಟು ಕೊಟ್ಟವರಿಗೆ ಇಂತಿಷ್ಟು ದೊಡ್ಡ ಫಲಕವೆಂಬ ವಿವರದ ಜೊತೆಗೆ, ಈ ಮನೆಯೊಳಗೆ ಏನು ಕಂಡುಬಂದರೂ ದಾನಿಗಳಿಗಾಗಲಿ ನಮಗಾಗಲಿ ಅದನ್ನು ಬದಲಿಸುವ ಅಧಿಕಾರವಿಲ್ಲವೆಂಬ ಒಂದು ವಾಕ್ಯವನ್ನೂ ಸ್ಪಷ್ಟವಾಗಿ ಅಚ್ಚುಹಾಕಿಸಲಿ. ಅದನ್ನೋದಿ ಕೆಲವರು ಕೈ ಹಿಂತೆಗೆಯುವರೆಂಬುದು ನಿಶ್ಚಯ; ಮೂರಂತಸ್ತಿನ ನಕಾಶೆ ಎರಡಕ್ಕೆ ಇಳಿಯಲೂಬಹುದು. ಇಳಿಯಲಿ, ಎರಡಂತಸ್ತಿನಲ್ಲಿಯೇ ಪಾಠ ಆರಂಭವಾಗಲಿ.