ಪದವಿಗಾಗಿ ಪ್ರಯಾಣ

ಪ್ರಯಾಣಕ್ಕೆ ಪ್ರಯೋಜನವೊಂದಿರಬೇಕೆಂಬುದು ಲೋಕರೂಢಿ. ವರ್ತಕನು ವ್ಯಾಪಾರಕ್ಕೆಂದೂ, ಯಾತ್ರಿಕನು ದೇವದರ್ಶನಕ್ಕೆಂದೂ, ಬಂಧುವು ಬಂಧುವಿನ ಮುಖ ನೋಡಲೆಂದೂ ಹೊರಡುವರು. ಊರನ್ನು ಮುಟ್ಟಿಯೂ ಊರನ್ನು ನೋಡದೆ, ವಿಮಾನದಿಂದಿಳಿದು ಮರುವಿಮಾನಕ್ಕೇ ಹತ್ತಿ ಮನೆಗೆ ಮರಳುವವನ ಪ್ರಯಾಣವನ್ನು ಏನೆನ್ನಬೇಕು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ‘ಮೈಲೇಜ್ ರನ್’ ಎಂಬ ಹೆಸರೇ ಉಂಟು.

ಇದರ ಹುಟ್ಟು ಹೀಗೆ. 1978ರ ಶಾಸನವೊಂದು ಅಲ್ಲಿನ ವಿಮಾನದರಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಿತು. ಸಂಸ್ಥೆಗಳೊಳಗೆ ಸ್ಪರ್ಧೆ ಬಲಿಯಿತು. ಗಿರಾಕಿಯು ಕೈಬಿಟ್ಟು ಹೋಗದಿರಲೆಂದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರಲ್ಲಿ, ಹಾರಿದ ಮೈಲಿಗಳನ್ನೆಣಿಸಿ ಬಹುಮಾನ ಕೊಡುವ ಯೋಜನೆಯನ್ನು ತೆರೆಯಿತು; ಇತರರೂ ಅನುಸರಿಸಿದರು. ಮುಂದೆ, ವರ್ಷಕ್ಕೆ 25,000 ಮೈಲಿ ಹಾರಿದವನಿಗೊಂದು ಪದವಿ, 50,000 ಹಾರಿದವನಿಗೆ ಅದಕ್ಕೂ ಮೇಲಿನದು, ಎಂಬ ಮೆಟ್ಟಿಲುಗಳು ಬಂದವು. ಪದವಿಯುಳ್ಳವನಿಗೆ ಸಾಲಿನಲ್ಲಿ ಅಗ್ರಸ್ಥಾನ. ಆಸನ ತೆರವಿದ್ದರೆ ಹೆಚ್ಚು ಹಣವಿಲ್ಲದೆಯೇ ಮೇಲಿನ ತರಗತಿ. ಆದರೆ ಪದವಿಗೆ ಅವಧಿಯುಂಟು. ವರ್ಷವರ್ಷವೂ ಮೈಲಿಗಳನ್ನು ಹೊಸತಾಗಿ ಕೂಡಿಹಾಕಬೇಕು. ಡಿಸೆಂಬರಿನಲ್ಲಿ 46,000 ಮೈಲಿಗೆ ಬಂದು ನಿಂತವನು ಅಗ್ಗದ ಚೀಟಿಯೊಂದನ್ನು ಹುಡುಕುವನು. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೋಗಿಬಂದರೆ ಸುಮಾರು 4,900 ಮೈಲಿ. ಹೋಗುವನು, ಬರುವನು, ಪದವಿ ಉಳಿಯಿತು.

ಇದರಲ್ಲಿ ದೋಷವೇನೆಂದು ಕೇಳಬಹುದು. ನಿಯಮವನ್ನು ಮಾಡಿದುದು ಸಂಸ್ಥೆ, ಹಣ ತೆತ್ತವನು ಪ್ರಯಾಣಿಕ, ವಂಚನೆಯಿಲ್ಲ. ಮುಂದಿನ ವರ್ಷ ಕೆಲಸದ ನಿಮಿತ್ತ ಬಹಳ ಸಂಚರಿಸಬೇಕಾದವನಿಗೆ ಇದು ಲಾಭದ ಲೆಕ್ಕವೂ ಆಗಬಹುದು. ದರಪಟ್ಟಿಗಳನ್ನು ಜೋಡಿಸುವುದು ಕೆಲವರಿಗೆ ಚದುರಂಗದಂತೆ ವಿನೋದ. ಈ ವಾದವು ತಳ್ಳಿಹಾಕತಕ್ಕುದಲ್ಲ.

ಆದರೆ ಇಲ್ಲಿರುವ ಪ್ರಶ್ನೆ ನ್ಯಾಯಾನ್ಯಾಯದ್ದಲ್ಲ, ಯಜಮಾನ ಯಾರೆಂಬುದು. ಬಹಳ ಸಂಚರಿಸಿ ದಣಿದವನಿಗೆಂದು ಏರ್ಪಟ್ಟ ಸೌಕರ್ಯಕ್ಕಾಗಿ ಮನುಷ್ಯನು ಬೇಕೆಂದೇ ದಣಿಯುತ್ತಾನೆ. ಗುರುತು ವಸ್ತುವನ್ನು ನುಂಗಿತು. ಅವನನ್ನು ಹೊರಡಿಸುವುದು ಹೊಸ ಸುಖದ ಆಸೆಗಿಂತ ಹೆಚ್ಚಾಗಿ ಇದ್ದುದನ್ನು ಕಳೆದುಕೊಳ್ಳುವ ಭಯ. ಹಿಂದೆ ಎಷ್ಟೋ ವರ್ಷ ಬೇಸರವಿಲ್ಲದೆ ನಿಂತಿದ್ದ ಸಾಮಾನ್ಯರ ಸಾಲೇ, ಒಮ್ಮೆ ಮುಂದೆ ಹೋದವನಿಗೆ ಅವಮಾನವಾಗಿ ತೋರುತ್ತದೆ.

ಇಷ್ಟು ಪಾಡುಪಟ್ಟು ಉಳಿಸಿಕೊಂಡುದಾದರೂ ಸ್ಥಿರವೆ? ಡೆಲ್ಟಾ, ಯುನೈಟೆಡ್ ಸಂಸ್ಥೆಗಳು 2015ರಲ್ಲಿ ಬಹುಮಾನದ ಮೈಲಿಗಳನ್ನು ದೂರದ ಬದಲು ತೆತ್ತ ಹಣದಿಂದ ಎಣಿಸತೊಡಗಿದವು; 2024ರಿಂದ ಡೆಲ್ಟಾದಲ್ಲಿ ಪದವಿಗೂ ವೆಚ್ಚವೇ ಅಳತೆಯಾಯಿತು. ಅಗ್ಗದಲ್ಲಿ ದೂರ ಹಾರುವ ವಿದ್ಯೆಗೆ ಅಲ್ಲಿ ಬೆಲೆ ತಗ್ಗಿತು. ಅನ್ಯರ ಖಾತೆಪುಸ್ತಕದಲ್ಲಿರುವ ಗೌರವವನ್ನು ಅನ್ಯರ ಲೇಖನಿಯೇ ಅಳಿಸಬಲ್ಲುದು. ಕಣ್ಣಾರೆ ಕಂಡ ನದಿಯನ್ನು, ದಾರಿಯಲ್ಲಿ ದೊರೆತ ಸ್ನೇಹವನ್ನು ಯಾವ ನಿಯಮವೂ ಹಿಂದಕ್ಕೆ ಪಡೆಯಲಾರದು.

ಅಂಕಗಳಿಗಾಗಿಯೇ ಓದುವ ವಿದ್ಯಾರ್ಥಿಯೂ, ಹೆಸರು ಅಚ್ಚಾಗಲೆಂದೇ ಕೊಡುವ ದಾನಿಯೂ ಇದೇ ವಿಮಾನದ ಸಹಪ್ರಯಾಣಿಕರು. ಎಣಿಸುವವರು ಯಾರೂ ಇಲ್ಲದಿದ್ದರೆ ಈ ದಾರಿಗೆ ಹೊರಡುವೆನೆ, ಎಂದು ಹೊರಡುವ ಮುನ್ನ ತನ್ನನ್ನೇ ಕೇಳಿಕೊಳ್ಳತಕ್ಕುದು. ಹೌದೆಂದವನಿಗೆ ಹಾರಾಟವೇ ಫಲ; ಪದವಿ ಬಂದರೂ ಸರಿ, ಹೋದರೂ ಸರಿ. ಇಲ್ಲವೆಂದವನು ಎಷ್ಟು ಸಾವಿರ ಮೈಲಿ ಹಾರಿದರೂ ಹೊರಟಲ್ಲಿಯೇ ಇರುವನು.