ಬಿಚ್ಚುವ ಮುನ್ನ

ಸ್ವೆಟರು ಹೆಣೆಯುವವರಿಗೆಲ್ಲ ಒಂದಲ್ಲ ಒಂದು ಸಂಜೆ ಈ ಸಂಕಟ ಒದಗಿಯೇ ಒದಗುತ್ತದೆ. ಬೆನ್ನಿನ ಭಾಗ ಕಂಕುಳ ತನಕ ಬಂದಿರುತ್ತದೆ. ಆಗ 20 ಸಾಲು ಕೆಳಗೆ ತಪ್ಪೊಂದು ಕಣ್ಣಿಗೆ ಬೀಳುತ್ತದೆ. ಬಿಚ್ಚಬೇಕೆ, ಬಿಡಬೇಕೆ?

ತಪ್ಪುಗಳೆಲ್ಲ ಒಂದೇ ಬಗೆಯವಲ್ಲ. ಸೀದಾ ಹೆಣೆಯಬೇಕಾದಲ್ಲಿ ಉಲ್ಟಾ ಹೆಣೆದಿದ್ದರೆ ಅದು ಇದ್ದಲ್ಲಿಯೇ ಇರುತ್ತದೆ. ನೋಟಕ್ಕೊಂದು ಕುಂದು, ಅಷ್ಟೆ. ತೊಡುವವರು ಕಾಣರು. ಕಡ್ಡಿಯಿಂದ ಜಾರಿದ ಕುಣಿಕೆ ಹಾಗಲ್ಲ. ಎಳೆದಂತೆಲ್ಲ ಸಾಲಿನಿಂದ ಸಾಲಿಗೆ ಇಳಿಯುತ್ತ ಏಣಿಯಂತೆ ಬಿರಿಯುತ್ತದೆ. ಒಡನೆ ಕಂಡರೆ ಕೊಕ್ಕೆಯ ಕಡ್ಡಿಯಿಂದ ಎತ್ತಿಕೊಳ್ಳಬಹುದು. 20 ಸಾಲು ಕಳೆದ ಮೇಲೆ ಅದರ ಪಾಲಿನ ನೂಲೇ ಮೇಲಿನ ಸಾಲುಗಳಲ್ಲಿ ಇರುವುದಿಲ್ಲ.

ನಮ್ಮದು ಈ ಎರಡನೆಯ ಬಗೆಯದು. ಬಿಚ್ಚದೆ ಗತಿಯಿಲ್ಲವೆಂದು ಬಲ್ಲೆವು. ಆದರೂ ಎರಡು ದಿನ ಚೀಲದತ್ತ ನೋಡಲಿಲ್ಲ. ಮಗುವಿನ ಲೆಕ್ಕ ತಪ್ಪಿದರೆ, ಸ್ಲೇಟು ಒರೆಸಿ ಮೊದಲಿನಿಂದ ಮಾಡೆನ್ನಲು ನಮಗೆ ಅರೆಗಳಿಗೆಯೂ ಬೇಡ! ನಮ್ಮ ಸಿಟ್ಟು ಉಣ್ಣೆಯ ಮೇಲಲ್ಲ, ಕಳೆದ ನಾಲ್ಕು ಸಂಜೆಗಳು ವ್ಯರ್ಥವಾದುವೆಂಬುದರ ಮೇಲೆ. ಬಿಚ್ಚದೆ ಉಳಿಸಿಕೊಂಡರೆ ಆ ಸಂಜೆಗಳು ಮರಳುವುವೆ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೂರನೆಯ ದಿನ ಬಿಚ್ಚಿದೆವು. ನೂಲು ಗುಂಗುರಾಗಿ ಬಂದಿತು. ಲಡಿ ಸುತ್ತಿ, ತೊಳೆದು, ಸಣ್ಣ ಭಾರ ಕಟ್ಟಿ ನೇತುಹಾಕಿದ್ದೇವೆ. ಉಳಿದ ಕುಣಿಕೆಗಳನ್ನು ಕಡ್ಡಿಗೇರಿಸಿ ಎಣಿಸಿದೆವು. ಜಾರಿದ್ದೂ ಸೇರಿ ಲೆಕ್ಕ ಸರಿಬಂದಿತು.